ಕ್ಯಾನ್ಸರ್ ಮೂಳೆಗೇ ಯಾಕೆ ಹೋಗುತ್ತೆ? 112 ವರ್ಷ ಕಾದ ಉತ್ತರ

ಸ್ತನ ಕ್ಯಾನ್ಸರ್‌ನಿಂದ ಯಾರಾದರೂ ತೀರಿಕೊಂಡರೆ, ಸಾಮಾನ್ಯವಾಗಿ ಜೀವ ತೆಗೆದಿರೋದು ಸ್ತನದಲ್ಲಿದ್ದ ಗಡ್ಡೆ ಅಲ್ಲ. ಅದು ಮೂಳೆಗೆ, ಶ್ವಾಸಕೋಶಕ್ಕೆ, ಲಿವರ್‌ಗೆ ಹರಡಿರುತ್ತೆ. ಯಾಕೆ ಆ ಜಾಗಗಳೇ? ರಕ್ತ ಇಡೀ ಮೈಯಲ್ಲಿ ಓಡಾಡುತ್ತೆ, ಕ್ಯಾನ್ಸರ್ ಕೋಶ ಎಲ್ಲಿ ಬೇಕಾದರೂ ಇಳಿಯಬಹುದಿತ್ತಲ್ವಾ?

1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಇದೇ ಪ್ರಶ್ನೆ ಹಿಡಿದು, ಸಾವಿನಲ್ಲಿ ಮುಗಿದ 735 ಸ್ತನ ಕ್ಯಾನ್ಸರ್ ಪ್ರಕರಣಗಳ ದಾಖಲೆ ಜಾಲಾಡಿದರು. ಲಿವರ್‌ಗೆ ಹರಡಿದ್ದು ಬಹಳ. ಪಕ್ಕದಲ್ಲೇ ಇರುವ, ರಕ್ತಕ್ಕೆ ಕೊರತೆಯಿಲ್ಲದ ಗುಲ್ಮಕ್ಕೆ ಹರಡಿದ್ದು ತೀರಾ ಕಡಿಮೆ. ಬೀಜ ಎಲ್ಲ ಕಡೆ ಬೀಳುತ್ತೆ, ಆದರೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತೆ ಅನ್ನೋದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಮುಂದಿಟ್ಟ ವಾದ. ನೆಲದಲ್ಲಿ ಅಂಥದ್ದೇನಿದೆ ಅಂತ ತೋರಿಸೋಕೆ ಆಗಿನ ಕಾಲದಲ್ಲಿ ದಾರಿಯೇ ಇರಲಿಲ್ಲ.

1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಬೇರೆಯದೇ ಮಾತು ಹೇಳಿದರು: ರಕ್ತ ಹರಿದು ಹೋಗೋ ದಾರಿಯಲ್ಲಿ ಕೋಶ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ಬೆಳೆಯುತ್ತೆ, ಅಷ್ಟೇ. ಹಲವು ದಶಕ ಈ ಮಾತೇ ನಡೀತು. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಕರುಳಿನ ರಕ್ತ ನೇರ ಲಿವರ್‌ಗೇ ಹೋಗೋದು, ಕರುಳಿನ ಕ್ಯಾನ್ಸರ್ ಕೂಡ ಹೆಚ್ಚಾಗಿ ಅಲ್ಲಿಗೇ ಹೋಗುತ್ತೆ.

ಸುಳಿವು ಸಿಕ್ಕಿದ್ದು ಕ್ಯಾನ್ಸರ್ ಅಧ್ಯಯನದಲ್ಲಲ್ಲ, ಉರಿಯೂತದ ಅಧ್ಯಯನದಲ್ಲಿ. ಕಾಲಿಗೆ ಮುಳ್ಳು ಚುಚ್ಚಿದರೆ ಸ್ವಲ್ಪ ಹೊತ್ತಿಗೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತೆ, ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವಕ್ಕೆ ವಿಳಾಸ ಹೇಳಿದ್ದು ಯಾರು? 1987ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಗಳು ಬಿಳಿ ರಕ್ತಕಣಗಳನ್ನು ಕರೆಯುವ ಒಂದು ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದವು. ಅದಕ್ಕೆ ಇಂಟರ್‌ಲ್ಯೂಕಿನ್-8 ಅಂತ ಹೆಸರಾಯ್ತು. ಅದರ ಬಂಧುಗಳು ಒಂದೊಂದಾಗಿ ಸಿಕ್ಕವು, ಇಡೀ ಕುಟುಂಬಕ್ಕೆ 1992ರಲ್ಲಿ ‘ಕೀಮೋಕೈನ್’ ಅಂತ ಹೆಸರಿಟ್ಟರು. ಒಗ್ಗರಣೆ ವಾಸನೆ ಹಿಡಿದು ನಾವು ಅಡುಗೆಮನೆಗೆ ಹೋಗ್ತೀವಲ್ಲ, ಹಾಗೇ ಕೀಮೋಕೈನ್ ಎಲ್ಲಿ ದಟ್ಟವಾಗಿದೆಯೋ ಆ ಕಡೆಗೆ ಕೋಶ ತೆವಳುತ್ತೆ. ಆದರೆ ಮೂಗು ಇರಬೇಕು. ಕೋಶದ ಮೂಗು ಅಂದರೆ ಅದರ ಮೈಮೇಲಿರೋ ರಿಸೆಪ್ಟರ್.

ಆ ಮೂಗು ಕ್ಯಾನ್ಸರ್ ಕೋಶಕ್ಕೂ ಇದ್ದರೆ? 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆನ್ಯಾ ಮ್ಯೂಲರ್, ಆಲ್ಬರ್ಟ್ ಝ್ಲಾಟ್ನಿಕ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಸಿಎಕ್ಸ್‌ಸಿಆರ್4 ಅನ್ನೋ ರಿಸೆಪ್ಟರ್ ತುಂಬಾ ಇತ್ತು. ಅದು ಹಿಡಿಯೋ ಕೀಮೋಕೈನ್ ಸಿಎಕ್ಸ್‌ಸಿಎಲ್12. ಅದು ಹೆಚ್ಚಿರೋ ಜಾಗಗಳು? ದುಗ್ಧಗ್ರಂಥಿ, ಶ್ವಾಸಕೋಶ, ಲಿವರ್, ಮೂಳೆಮಜ್ಜೆ. ಇಲಿಗಳಲ್ಲಿ ಆ ರಿಸೆಪ್ಟರ್ ಮುಚ್ಚಿದಾಗ ಹರಡುವಿಕೆ ಗಣನೀಯವಾಗಿ ಇಳಿಯಿತು. ಪ್ಯಾಜೆಟ್ ಹೇಳಿದ ನೆಲದ ಗುಣಕ್ಕೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು.

ಹಾಗಾದ್ರೆ ಕೀಮೋಕೈನ್ ತಡೆದುಬಿಟ್ರೆ ಆಯ್ತಲ್ಲ? ಅಷ್ಟು ಸಲೀಸಲ್ಲ. ಗಡ್ಡೆಗಳು ತಾವೂ ಕೀಮೋಕೈನ್ ಸುರಿಸಿ ಬಿಳಿ ರಕ್ತಕಣಗಳನ್ನು ಕರೆಸಿಕೊಂಡು ತಮ್ಮ ಚಾಕರಿಗೆ ಹಚ್ಚುತ್ತವೆ. ಅಂಥದ್ದೊಂದು ಕರೆ, ಸಿಸಿಎಲ್2, ಅದನ್ನು ಇಲಿಗಳಲ್ಲಿ ತಡೆದಾಗ ಹರಡುವಿಕೆ ತಗ್ಗಿತು. ಆದರೆ ಔಷಧ ನಿಲ್ಲಿಸಿದ ಮೇಲೆ ಕ್ಯಾನ್ಸರ್ ಮೊದಲಿಗಿಂತ ಜೋರಾಗಿ ಹರಡಿ ಇಲಿಗಳು ಬೇಗ ಸತ್ತವು ಅಂತ 2014ರ ಅಧ್ಯಯನ ಹೇಳಿತು. ತಡೆದಷ್ಟು ದಿನ ಮೂಳೆಮಜ್ಜೆಯಲ್ಲೇ ಉಳಿದಿದ್ದ ಕಣಗಳು ಒಮ್ಮೆಲೇ ಹೊರಬಿದ್ದಿದ್ದವು. ರೋಗಿಗೆ ಔಷಧ ಶುರು ಮಾಡೋ ಮುಂಚೆ ನಿಲ್ಲಿಸೋದು ಹೇಗೆ ಅಂತಾನೂ ಯೋಚಿಸಬೇಕು.

ಸಿಎಕ್ಸ್‌ಸಿಆರ್4 ಮುಚ್ಚುವ ಔಷಧ ಮಾತ್ರ ಆಸ್ಪತ್ರೆ ತಲುಪಿದೆ, ಬೇರೆ ಕೆಲಸಕ್ಕೆ. ಎಚ್‌ಐವಿ ವಿರುದ್ಧ ಹುಡುಕಿದ್ದ ಪ್ಲೆರಿಕ್ಸಾಫೋರ್‌ಗೆ 2008ರಲ್ಲಿ ಅಮೆರಿಕದ ಅನುಮತಿ ಸಿಕ್ತು. ಮಜ್ಜೆಯಲ್ಲಿ ಅಂಟಿ ಕೂತ ಕಾಂಡಕೋಶಗಳನ್ನು ಅದು ರಕ್ತಕ್ಕೆ ಇಳಿಸುತ್ತೆ. ಮೈಲೋಮಾ, ಲಿಂಫೋಮಾ ರೋಗಿಗಳಿಂದ ಅವನ್ನು ಸಂಗ್ರಹಿಸಿ, ತೀವ್ರ ಚಿಕಿತ್ಸೆ ಮುಗಿದ ಮೇಲೆ ಅವರಿಗೇ ವಾಪಸ್ ಕೊಡ್ತಾರೆ.