ಪಾಂಜರಾಪೋಳದ ಪಗಾರ

ಜೀವಮಾನವಿಡೀ ದುಡಿದ ಎತ್ತನ್ನು ಮುಪ್ಪಿನಲ್ಲಿ ಕೈಬಿಡಬಾರದೆಂಬ ಭಾವನೆ ನಮ್ಮ ಮುದ್ದೇಬಿಹಾಳ ಸೀಮೆಯ ಒಕ್ಕಲು ಮನೆತನಗಳಲ್ಲಿ ಬಹುಕಾಲದಿಂದ ಬಂದದ್ದು. ಆದರೆ ಆ ಎತ್ತಿಗೆ ಮೇವು ಹಾಕಿ, ಸಗಣಿ ಬಾಚುವ ಆಳಿನ ಪಗಾರದ ಮಾತು ಬಂದಾಗ ದಯೆ ಏನು ಹೇಳಬೇಕು? ಈ ಪ್ರಶ್ನೆ ಒಮ್ಮೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಆ ಇತಿಹಾಸವನ್ನು ಇಡಬಯಸುತ್ತೇನೆ.

1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಥೆಯೂ ಆ ಮುಂಬಯಿಯದೇ. 1832ರಲ್ಲಿ ಅಲ್ಲಿಯ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಸಿಡಿದೆದ್ದು ದೊಡ್ಡ ಗಲಭೆಯಾಯಿತು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಶೇಟ್‌ಜೀ ಜೀಜೀಭಾಯ್ ಮೊದಲಾದ ವರ್ತಕರು ಮೂಕಪ್ರಾಣಿಗಳ ಆಶ್ರಯಕ್ಕೆಂದು ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಮುದಿ ದನಗಳಿಗೂ ರೋಗಿಷ್ಠ ಪ್ರಾಣಿಗಳಿಗೂ ಅದು ನೆಲೆಯಾಯಿತು.

ಕಾಲ ಕಳೆದಂತೆ ಅಲ್ಲಿ ಹಾಲು ಕೊಡುವ ಹಸುಗಳೂ ಬಹಳವಾದವು. ಹಾಲು ಪೇಟೆಗೆ ಹೋಗತೊಡಗಿತು. ಕೆಲಸಗಾರರು ತಮ್ಮ ಬೇಡಿಕೆಗಳನ್ನು ಮುಂದಿಟ್ಟಾಗ ಆಡಳಿತ ಕೊಟ್ಟ ಉತ್ತರ ಇದು: ನಮ್ಮದು ಧರ್ಮಸಂಸ್ಥೆ, ಉದ್ಯಮವಲ್ಲ, ಆದ್ದರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆ ನಮಗೆ ಅನ್ವಯಿಸದು. ಈ ಮಾತು ನಿಂತಿದ್ದರೆ ಕೆಲಸಗಾರರಿಗೆ ಕೈಗಾರಿಕಾ ನ್ಯಾಯಮಂಡಳಿಯ ಬಾಗಿಲೇ ಮುಚ್ಚಿಹೋಗುತ್ತಿತ್ತು. 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಾಲಿನ ಉತ್ಪಾದನೆ ಮತ್ತು ಮಾರಾಟ ಅಲ್ಲಿ ಕ್ರಮಬದ್ಧವಾಗಿ ನಡೆಯುತ್ತಿದ್ದುದರಿಂದ ಪಾಂಜರಾಪೋಳವೂ ಉದ್ಯಮವೇ ಎಂದಿತು.

ಗಮನಿಸಿ, ಇಲ್ಲಿ ಕೆಲಸಗಾರರನ್ನು ಕಾಪಾಡಿದ್ದು ಹಾಲು. ಹಾಲೇ ಇಲ್ಲದ, ಬರಿಯ ಸೇವೆಯ ಸಂಸ್ಥೆಯಾಗಿದ್ದರೆ? ಉತ್ತರ ಬಂದದ್ದು ನಮ್ಮ ಕರ್ನಾಟಕದ ಮೊಕದ್ದಮೆಯಿಂದ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಎ. ರಾಜಪ್ಪ ಮೊದಲಾದ ನೌಕರರಿಗೆ ದಂಡ ವಿಧಿಸಿ, ಹಣ ವಸೂಲು ಮಾಡಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಮಂಡಳಿಯೂ ತಾನು ಉದ್ಯಮವಲ್ಲವೆಂದು ವಾದಿಸಿತು. 1978ರ ಫೆಬ್ರುವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠದ ಬಹುಮತದ ತೀರ್ಪು ಬಂದಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮೂರು ಲಕ್ಷಣಗಳನ್ನು ಹೇಳಿದರು: ವ್ಯವಸ್ಥಿತ ಚಟುವಟಿಕೆ, ಮಾಲೀಕ ಮತ್ತು ಕೆಲಸಗಾರರ ಸಹಕಾರ, ಜನರ ಅಗತ್ಯ ಪೂರೈಸುವ ಸರಕು ಅಥವಾ ಸೇವೆ. ಲಾಭದ ಉದ್ದೇಶ ಇರಲೇಬೇಕೆಂದಿಲ್ಲ. ಧರ್ಮಸಂಸ್ಥೆಯೇ ಆದರೂ ಕೂಲಿಗೆ ಆಳುಗಳನ್ನಿಟ್ಟುಕೊಂಡರೆ ಆ ಆಳುಗಳ ಪಾಲಿಗೆ ಅದು ದುಡಿಮೆಯ ಸ್ಥಳವೇ. ಸೇವಾಭಾವದಿಂದ ತಾವೇ ದುಡಿಯುವವರ ಸಂಸ್ಥೆಗಳ ಮಾತು ಬೇರೆ.

ಆದರೆ ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 1982ರಲ್ಲಿ ಸಂಸತ್ತು ಧರ್ಮಾರ್ಥ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಡುವ ತಿದ್ದುಪಡಿಯನ್ನು ಅಂಗೀಕರಿಸಿತಾದರೂ ಆ ಭಾಗ ಜಾರಿಗೆ ಬರಲೇ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದೇ ವಿನಾಯಿತಿಯನ್ನು ಮತ್ತೆ ತಂದಿತು. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಪಾಂಜರಾಪೋಳದ ಆಳುಗಳು ಗೆದ್ದು ತೆರೆಸಿದ್ದ ಬಾಗಿಲು ಅವರಂಥವರಿಗೆ ಹೀಗೆ ಕಿರಿದಾಗಿದೆ.

ಕಾನೂನಿನ ಮಾತು ಹಾಗಿರಲಿ. ನಮ್ಮದು ಬಸವಣ್ಣನವರ ಬಾಗೇವಾಡಿಯ ನೆರೆ. ಅವರು ಕಲಿಸಿದ್ದು ಕಾಯಕ ಮತ್ತು ದಾಸೋಹ ಎರಡನ್ನೂ. ದಾಸೋಹವೆಂದರೆ ತನ್ನ ದುಡಿಮೆಯಿಂದ ಕೊಡುವುದು. ಇನ್ನೊಬ್ಬನ ಕೂಲಿಯನ್ನು ಕಡಿದು ಕೊಡುವುದಲ್ಲ. ದನದ ಹಸಿವನ್ನು ಕಂಡು ಕರಗುವ ಮನಸ್ಸು, ಆ ದನ ಕಾಯುವವನ ಮನೆಯ ಒಲೆಯನ್ನೂ ನೋಡಬೇಕು. ನಿಮ್ಮಲ್ಲಿ ಗೋಶಾಲೆಗಳಿಗೆ ದೇಣಿಗೆ ಕೊಡುವವರು ಅನೇಕರಿರಬಹುದು. ಮುಂದಿನ ಸಲ ಕೊಡುವಾಗ ಅಲ್ಲಿಯ ಆಳುಗಳಿಗೆ ಪಗಾರ ಎಷ್ಟು, ತಿಂಗಳಿಗೆ ಸರಿಯಾಗಿ ಸಿಗುತ್ತದೆಯೇ ಎಂದು ಒಂದು ಮಾತು ಕೇಳಿರಿ.