ಸಂಪರ್ಕ ಕಡಿದದ್ದು ಎಲ್ಲಿ? ಸ್ಪರ್ಧಾ ರೋಬೋಟ್‌ಗಳಲ್ಲಿ ನಿಸ್ತಂತು ದೋಷ ಪತ್ತೆಯ ಕ್ರಮ

ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯಲ್ಲಿ ಆಟ ನಡೆಯುತ್ತಿರುವಾಗಲೇ ಯಂತ್ರ ನಿಂತುಬಿಟ್ಟರೆ ತಂಡದವರು ಮೊದಲು ಹೇಳುವ ಮಾತು ‘ವೈ-ಫೈ ಕೈಕೊಟ್ಟಿತು’ ಎಂಬುದು. ಅಂಕಣದ ತಾಂತ್ರಿಕ ಸಿಬ್ಬಂದಿ ಹೇಳುವುದು ಇದಕ್ಕೆ ತದ್ವಿರುದ್ಧ: ‘ನಿಮ್ಮ ರೋಬೋಟಿನ ವೈರಿಂಗ್ ನೋಡಿಕೊಳ್ಳಿ’. ಆ ಗಳಿಗೆಯಲ್ಲಿ ಇಬ್ಬರ ಬಳಿಯೂ ಪುರಾವೆ ಇರುವುದಿಲ್ಲ. ಎರಡೂವರೆ ನಿಮಿಷದ ಆಟ ಮುಗಿದಿರುತ್ತದೆ, ಮುಂದಿನ ತಂಡ ಅಂಕಣಕ್ಕೆ ಇಳಿದಿರುತ್ತದೆ, ಬ್ಯಾಟರಿ ಬದಲಿಸಿದ ಮೇಲೆ ರೋಬೋಟ್ ಏನೂ ಆಗಿಲ್ಲವೆಂಬಂತೆ ಓಡಾಡುತ್ತದೆ. ಹೀಗೆ ಬಂದು ಮಾಯವಾಗುವ ದೋಷವನ್ನು ಹಿಡಿಯುವುದು ಹೇಗೆ? ಸಂಪರ್ಕ ಎಷ್ಟು ಹೊತ್ತು ಕಡಿದಿತ್ತು, ಕಡಿದಾಗ ಯಾವ ಯಾವ ಕೊಂಡಿ ಇನ್ನೂ ಉತ್ತರ ಕೊಡುತ್ತಿತ್ತು ಎಂಬ ಎರಡು ಸಂಗತಿಗಳನ್ನು ದಾಖಲೆಯಿಂದ ಓದಿದರೆ ಬಹುಪಾಲು ದೋಷಗಳ ಜಾಗ ತಿಳಿಯುತ್ತದೆ ಎಂಬುದು ಈ ಲೇಖನದ ವಾದ. ಗಾಳಿಯ ಮೇಲೆ ಹೊರಿಸುವ ಆರೋಪಗಳಲ್ಲಿ ಹಲವು ಕೊನೆಗೆ ತಂತಿಯ ಬಳಿಗೇ ಬಂದು ನಿಲ್ಲುತ್ತವೆ.

ಇಲ್ಲಿ ಮುಖ್ಯವಾಗಿ ಎತ್ತಿಕೊಂಡಿರುವುದು ಅಮೆರಿಕದ ಫಸ್ಟ್ ಸಂಸ್ಥೆಯ ರೋಬೋಟಿಕ್ಸ್ ಕಾಂಪಿಟಿಷನ್ ಅನ್ನು. ಡೀನ್ ಕೇಮನ್ 1989ರಲ್ಲಿ ಕಟ್ಟಿದ ಈ ಸಂಸ್ಥೆ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ 1992ರಿಂದ ಸ್ಪರ್ಧೆ ನಡೆಸುತ್ತಿದೆ. ಒಂದೊಂದು ಆಟದಲ್ಲೂ ಮೂರರ ಎದುರು ಮೂರರಂತೆ ಆರು ರೋಬೋಟ್‌ಗಳು ಒಂದೇ ಅಂಕಣದಲ್ಲಿ ಇರುತ್ತವೆ. ಈ ಸ್ಪರ್ಧೆಯನ್ನೇ ಆರಿಸಿಕೊಳ್ಳಲು ಕಾರಣವಿದೆ: ಸಂಪರ್ಕದ ಪ್ರತಿ ಹಂತವನ್ನೂ ಇಲ್ಲಿ ಲಾಗ್ ಕಡತದಲ್ಲಿ ಬರೆದಿಡುತ್ತಾರೆ, ಒಂದು ದೊಡ್ಡ ವೈಫಲ್ಯದ ತನಿಖಾ ವರದಿಯೂ ಸಾರ್ವಜನಿಕವಾಗಿ ಲಭ್ಯವಿದೆ.

ಚಾಲಕನ ಕೈಯಿಂದ ಚಕ್ರದವರೆಗಿನ ದಾರಿಯನ್ನು ಒಮ್ಮೆ ನೋಡೋಣ. ಜಾಯ್‌ಸ್ಟಿಕ್‌ನಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿ. ಲ್ಯಾಪ್‌ಟಾಪಿನಿಂದ ಅಂಕಣದ ವ್ಯವಸ್ಥೆಗೆ ಈಥರ್ನೆಟ್ ಕೇಬಲ್. ಅಲ್ಲಿಂದ ಆಕ್ಸೆಸ್ ಪಾಯಿಂಟ್, ನಂತರ ಗಾಳಿ, ಆಮೇಲೆ ರೋಬೋಟಿನ ಮೇಲಿರುವ ರೇಡಿಯೊ. ರೇಡಿಯೊದಿಂದ ಮತ್ತೆ ಈಥರ್ನೆಟ್ ಕೇಬಲ್ ಮೂಲಕ ನಿಯಂತ್ರಕಕ್ಕೆ, ಅದರೊಳಗೆ ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮಿಗೆ, ಕೊನೆಗೆ ಮೋಟಾರ್‌ಗಳಿಗೆ. ಇಷ್ಟರಲ್ಲಿ ತಂತಿಯಿಲ್ಲದಿರುವುದು ಒಂದೇ ಜಿಗಿತ. ಲ್ಯಾಪ್‌ಟಾಪ್ 20 ಮಿಲಿಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಅದು ಬರುವುದು ನಿಂತರೆ ಸುರಕ್ಷತೆಗಾಗಿ ನಿಯಂತ್ರಕವೇ ಮೋಟಾರ್‌ಗಳನ್ನು ನಿಲ್ಲಿಸುತ್ತದೆ. ಹಾಗಾಗಿ ಯಾವ ಕೊಂಡಿ ಕಳಚಿದರೂ ನೋಡುವವರ ಕಣ್ಣಿಗೆ ಕಾಣುವುದು ಒಂದೇ ದೃಶ್ಯ, ನಿಂತ ರೋಬೋಟ್. ಗೊಂದಲದ ಬೇರು ಇರುವುದು ಇಲ್ಲಿ.

ಈ ಗೊಂದಲ ಅತ್ಯಂತ ದುಬಾರಿಯಾಗಿ ಪರಿಣಮಿಸಿದ್ದು 2012ರ ಏಪ್ರಿಲ್‌ನಲ್ಲಿ, ಸೇಂಟ್ ಲೂಯಿಸ್ ನಗರದ ಚಾಂಪಿಯನ್‌ಷಿಪ್‌ನಲ್ಲಿ. ನಾಲ್ಕು ವಿಭಾಗಗಳಿಂದ ಗೆದ್ದು ಬಂದ ಹನ್ನೆರಡು ತಂಡಗಳು ‘ಐನ್‌ಸ್ಟೈನ್’ ಎಂಬ ಹೆಸರಿನ ಕೊನೆಯ ಅಂಕಣದಲ್ಲಿ ಸೆಣಸುತ್ತಿದ್ದಾಗ ಒಂದರ ಹಿಂದೊಂದು ರೋಬೋಟ್ ಸಂಪರ್ಕ ಕಳೆದುಕೊಂಡು ನಿಂತವು. ಸಾವಿರಾರು ಪ್ರೇಕ್ಷಕರ ಎದುರು, ಇಡೀ ವರ್ಷದ ದುಡಿಮೆಯ ತುದಿಯಲ್ಲಿ ನಿಂತಿದ್ದ ಮಕ್ಕಳ ಪಾಲಿಗೆ ಅದೆಂಥ ಸಂಕಟ! ಸಂಸ್ಥೆ ಆಮೇಲೆ ಮಾಡಿದ ಕೆಲಸ ಮಾತ್ರ ಮೆಚ್ಚತಕ್ಕದ್ದು. ಆ ತಂಡಗಳನ್ನು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರಿಗೆ ಕರೆಸಿ, ಪರೀಕ್ಷೆ ನಡೆಸಿ, ಅದೇ ಜುಲೈನಲ್ಲಿ ವಿವರವಾದ ವರದಿ ಪ್ರಕಟಿಸಿತು.

ಆ ವರದಿ ಎರಡು ಸತ್ಯಗಳನ್ನು ಒಟ್ಟಿಗೆ ಹೇಳಿತು. ಮೊದಲನೆಯದು, ನಿಸ್ತಂತು ಜಾಲದಲ್ಲಿ ನಿಜವಾಗಿಯೂ ಒಂದು ದೌರ್ಬಲ್ಯವಿತ್ತು. ಪ್ರೇಕ್ಷಕರ ನಡುವಿನಿಂದ ಒಂದು ಮೊಬೈಲ್ ಫೋನ್ ಯಾವುದೋ ತಂಡದ ವೈ-ಫೈ ಹೆಸರನ್ನು ಆರಿಸಿಕೊಂಡು ತಪ್ಪು ಪಾಸ್‌ವರ್ಡ್‌ನೊಂದಿಗೆ ಸೇರಲು ಯತ್ನಿಸಿದರೆ ಸಾಕು, ಆ ತಂಡದ ರೋಬೋಟಿನ ಸಂಪರ್ಕ ತಪ್ಪುತ್ತಿತ್ತು. ಹಾಗೆ ಉದ್ದೇಶಪೂರ್ವಕವಾಗಿ ಯತ್ನಿಸಿದವರೂ ಇದ್ದರೆಂದು ತನಿಖೆ ಕಂಡುಕೊಂಡಿತು. ಎರಡನೆಯದನ್ನು ಜನ ಬೇಗ ಮರೆತರು: ಅಂದಿನ ಎಲ್ಲ ವೈಫಲ್ಯಗಳಿಗೂ ಆ ಫೋನ್ ಕಾರಣವಾಗಿರಲಿಲ್ಲ. ರೋಬೋಟ್‌ಗಳ ಮೇಲಿನ ತಂತಿ, ವಿದ್ಯುತ್ ಪೂರೈಕೆ, ಪ್ರೋಗ್ರಾಮ್ ಇವುಗಳ ದೋಷಗಳೂ ಪರೀಕ್ಷೆಯಲ್ಲಿ ಹೊರಬಿದ್ದವು. ಒಂದೇ ಮಧ್ಯಾಹ್ನ, ಒಂದೇ ಅಂಕಣ, ಒಂದೇ ಬಗೆಯ ದೃಶ್ಯ. ಕಾರಣಗಳು ಮಾತ್ರ ಬೇರೆ ಬೇರೆ. ‘ವೈ-ಫೈ’ ಎಂದವರೂ ‘ವೈರಿಂಗ್’ ಎಂದವರೂ ಅರ್ಧರ್ಧ ಸರಿ ಇದ್ದರು. ಯಾರ ಅರ್ಧ ಯಾವ ರೋಬೋಟಿಗೆ ಸಲ್ಲುತ್ತದೆ ಎಂಬುದನ್ನು ಪರೀಕ್ಷೆಯೇ ಹೇಳಬೇಕಾಯಿತು. ಯಾವುದೇ ಒಂದು ಕಾರಣವನ್ನು ಮೊದಲೇ ನಂಬಿಕೊಂಡು ಹೊರಡುವ ಪತ್ತೆ ಏಕೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿದಿಲ್ಲ.

ಇನ್ನು ಪತ್ತೆಯ ಕ್ರಮ. ಮೊದಲ ಸುಳಿವು ಕಾಲ. ಸಂಪರ್ಕ ಒಂದು ಸೆಕೆಂಡಿಗೂ ಕಡಿಮೆ ಹೊತ್ತು ತಪ್ಪಿ ಮತ್ತೆ ಬಂದರೆ ಅದು ಪ್ಯಾಕೆಟ್‌ಗಳ ನಷ್ಟ. ಗಾಳಿಯನ್ನು, ದಟ್ಟಣೆಯನ್ನು ಅನುಮಾನಿಸಬಹುದು. ಐದರಿಂದ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮರಳಿದರೆ ನಿಯಂತ್ರಕ ಅಥವಾ ಅದರೊಳಗಿನ ಪ್ರೋಗ್ರಾಮ್ ಮರುಚಾಲನೆಗೊಂಡಿರುವ ಸಾಧ್ಯತೆ ಹೆಚ್ಚು. ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಮೌನವಿದ್ದು ತಾನಾಗಿಯೇ ಮರಳಿತೆಂದರೆ ರೇಡಿಯೊಗೆ ವಿದ್ಯುತ್ ತಪ್ಪಿದೆ ಎಂದೇ ಹೊರಡಬೇಕು. ರೇಡಿಯೊ ಎಂಬುದು ಒಂದು ಸಣ್ಣ ಕಂಪ್ಯೂಟರ್. ಅದಕ್ಕೆ ಕಣ್ಣುಮಿಟುಕಿನಷ್ಟು ಹೊತ್ತು ವಿದ್ಯುತ್ ತಪ್ಪಿದರೂ ಎದ್ದು ನಿಂತು ಜಾಲವನ್ನು ಹುಡುಕಿ ಸೇರಿಕೊಳ್ಳುವಷ್ಟರಲ್ಲಿ ಆಟದ ಐದನೆಯ ಒಂದು ಭಾಗ ಕಳೆದಿರುತ್ತದೆ.

ಎರಡನೆಯ ಸುಳಿವು ಉತ್ತರಿಸುವವರು ಯಾರು ಎಂಬುದು. ಈ ಸ್ಪರ್ಧೆಯಲ್ಲಿ ತಂಡದ ಸಂಖ್ಯೆಯೇ ಜಾಲದ ವಿಳಾಸವಾಗುತ್ತದೆ. ಸಂಖ್ಯೆ 9999 ಎಂದಿಟ್ಟುಕೊಂಡರೆ ರೇಡಿಯೊದ ವಿಳಾಸ 10.99.99.1, ನಿಯಂತ್ರಕದ್ದು 10.99.99.2. ಸಂಪರ್ಕ ತಪ್ಪಿದಾಗ ಚಾಲಕನ ಲ್ಯಾಪ್‌ಟಾಪ್ ಇವೆರಡಕ್ಕೂ ಪಿಂಗ್, ಅಂದರೆ ಉತ್ತರ ಬೇಡುವ ಪುಟ್ಟ ಸಂದೇಶ, ಕಳಿಸಿ ಫಲಿತಾಂಶವನ್ನು ಲಾಗ್‌ನಲ್ಲಿ ಬರೆದಿಡುತ್ತದೆ. ರೇಡಿಯೊ ಉತ್ತರಿಸಿ ನಿಯಂತ್ರಕ ಸುಮ್ಮನಿದ್ದರೆ ಗಾಳಿಯಲ್ಲಿ ದೋಷವಿಲ್ಲ. ಅವೆರಡರ ನಡುವಿನ ಗೇಣುದ್ದದ ಈಥರ್ನೆಟ್ ಕೇಬಲ್, ಇಲ್ಲವೇ ನಿಯಂತ್ರಕದ ವಿದ್ಯುತ್ ನೋಡಬೇಕು. ಎರಡೂ ಉತ್ತರಿಸಿ ರೋಬೋಟ್ ಮಾತ್ರ ಅಲುಗದಿದ್ದರೆ ಪ್ರೋಗ್ರಾಮ್ ಕುಸಿದಿರಬಹುದು. ಎರಡೂ ಸುಮ್ಮನಿದ್ದಾಗಷ್ಟೇ ರೇಡಿಯೊವನ್ನೂ ಗಾಳಿಯನ್ನೂ ಪ್ರಶ್ನಿಸುವುದು ಸರಿ.

ರೇಡಿಯೊದ ವಿದ್ಯುತ್ ಕೊಂಡಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2012ರಲ್ಲಿ ಬಳಕೆಯಲ್ಲಿದ್ದ ಡಿ-ಲಿಂಕ್ ಡಿಎಪಿ-1522 ಮನೆಬಳಕೆಗೆಂದು ತಯಾರಾದ ಸಾಧನ. ಅದರ ವಿದ್ಯುತ್ ಪ್ಲಗ್ ಒತ್ತಿ ಸಿಕ್ಕಿಸುವ ದುಂಡು ಪಿನ್ನಿನದು, ಹಿಡಿದು ಬಿಗಿಯುವ ಕೊಂಡಿಯಿಲ್ಲ. ಅಲುಗದ ಮೇಜಿನ ಮೇಲೆ ಅದು ವರ್ಷಗಟ್ಟಲೆ ಬಾಳುತ್ತದೆ. ಐವತ್ತು ಕಿಲೋಗೂ ಹೆಚ್ಚು ತೂಗುವ ಯಂತ್ರ ಮತ್ತೊಂದಕ್ಕೆ ಡಿಕ್ಕಿ ಹೊಡೆದಾಗ ಆ ಪಿನ್ನು ಕೂದಲೆಳೆಯಷ್ಟು ಜಾರುತ್ತದೆ, ಮತ್ತೆ ಕೂರುತ್ತದೆ, ರೇಡಿಯೊ ಮರುಚಾಲನೆಗೊಳ್ಳುತ್ತದೆ. ಆಟ ಮುಗಿದ ಮೇಲೆ ಪರೀಕ್ಷಿಸಿದವರಿಗೆ ಪ್ಲಗ್ ಸರಿಯಾಗಿಯೇ ಕಾಣುತ್ತದೆ. ಇದನ್ನು ಹಿಡಿಯುವ ವಿಧಾನ ಸರಳ: ರೇಡಿಯೊಗೆ ಬಿಡದೆ ಪಿಂಗ್ ಕಳಿಸುತ್ತ, ಒಬ್ಬರು ಪರದೆ ನೋಡುತ್ತ, ಇನ್ನೊಬ್ಬರು ಒಂದೊಂದೇ ತಂತಿಯನ್ನು ಬೆರಳಿನಿಂದ ಅಲುಗಿಸಬೇಕು, ನಂತರ ಚೌಕಟ್ಟಿಗೆ ಮುಷ್ಟಿಯಿಂದ ಗುದ್ದಬೇಕು. ಯಾವ ತಂತಿ ಮುಟ್ಟಿದಾಗ ಉತ್ತರ ನಿಂತಿತೋ ಅದೇ ದೋಷ. ಮುಂದೆ ಬಂದ ಓಪನ್‌ಮೆಶ್ ರೇಡಿಯೊಗಳಲ್ಲೂ ಇದೇ ದುಂಡು ಪಿನ್ನು ಉಳಿಯಿತು. ತಂಡಗಳು ಬಿಸಿ ಅಂಟು ಹಾಕಿ ಅದನ್ನು ಭದ್ರಪಡಿಸಿದವು, ಅಥವಾ ಈಥರ್ನೆಟ್ ಕೇಬಲ್ ಮೂಲಕವೇ ವಿದ್ಯುತ್ ಕೊಟ್ಟವು. ಅಮೆರಿಕದ ಸ್ಪರ್ಧೆಗಳಿಗೆ 2025ರಲ್ಲಿ ಬಂದ ಹೊಸ ರೇಡಿಯೊ 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ ಎಂಬುದೇ ಹೆಚ್ಚು ಸುದ್ದಿಯಾಯಿತು. ಅದರ ವಿದ್ಯುತ್ ತಂತಿಯನ್ನು ಬಿಗಿಯಾಗಿ ಹಿಡಿಯುವ ಟರ್ಮಿನಲ್ ಬಂದದ್ದು ನನ್ನ ದೃಷ್ಟಿಯಲ್ಲಿ ಅಷ್ಟೇ ದೊಡ್ಡ ಸುಧಾರಣೆ.

ಸಂಪರ್ಕವೇ ಕಡಿಯದೆ ‘ಕಡಿಯಿತು’ ಎನಿಸಿಕೊಳ್ಳುವ ಪ್ರಕರಣಗಳೂ ಇವೆ. ಈ ರೋಬೋಟಿಗೆ ಇರುವುದು 12 ವೋಲ್ಟಿನ, 18 ಆಂಪಿಯರ್-ಅವರ್‌ನ ಒಂದೇ ಸೀಸ-ಆಮ್ಲ ಬ್ಯಾಟರಿ. ಅದರ ಒಳಪ್ರತಿರೋಧ, ಕೇಬಲ್, ಬ್ರೇಕರ್ ಎಲ್ಲ ಸೇರಿ 0.02 ಓಮ್ ಎಂದುಕೊಳ್ಳೋಣ. ಎದುರಾಳಿಯನ್ನು ತಳ್ಳುವಾಗ ನಾಲ್ಕಾರು ಮೋಟಾರ್‌ಗಳು ಸೇರಿ 300 ಆಂಪಿಯರ್ ಎಳೆದರೆ 6 ವೋಲ್ಟ್ ಅಲ್ಲೇ ಕರಗುತ್ತದೆ. 12.2 ವೋಲ್ಟಿನಲ್ಲಿದ್ದ ಬ್ಯಾಟರಿ ನಿಯಂತ್ರಕಕ್ಕೆ 6.2 ಮಾತ್ರ ಕೊಡುತ್ತದೆ. 2015ರಲ್ಲಿ ಬಂದ ರೋಬೋರಿಯೊ ನಿಯಂತ್ರಕ 6.3 ವೋಲ್ಟಿಗಿಂತ ಕೆಳಗಿಳಿದಾಗ ತನ್ನನ್ನು ಉಳಿಸಿಕೊಳ್ಳಲು ಮೋಟಾರ್‌ಗಳಿಗೆ ಆದೇಶ ಕೊಡುವುದನ್ನು ನಿಲ್ಲಿಸುತ್ತದೆ. ರೋಬೋಟ್ ತಡವರಿಸುತ್ತದೆ, ಚಾಲಕ ‘ಕನೆಕ್ಷನ್ ಹೋಯಿತು’ ಎನ್ನುತ್ತಾನೆ. ಲಾಗ್ ತೆರೆದರೆ ಪ್ಯಾಕೆಟ್‌ಗಳೆಲ್ಲ ಸಕಾಲಕ್ಕೆ ತಲುಪಿರುತ್ತವೆ, ವೋಲ್ಟೇಜ್ ಗೆರೆ ಮಾತ್ರ ಕಂದಕಕ್ಕೆ ಇಳಿದಿರುತ್ತದೆ. ಬ್ಯಾಟರಿ ಟರ್ಮಿನಲ್‌ನ ಲಗ್ಗನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಬೇಕು. ತಿರುಗಿದರೆ ಬೋಲ್ಟ್ ಸಡಿಲವಾಗಿದೆ ಎಂದರ್ಥ. ಆ ಸಡಿಲ ಹೆಚ್ಚಾದರೆ ಡಿಕ್ಕಿಯಲ್ಲಿ ರೇಡಿಯೊ, ನಿಯಂತ್ರಕ ಎರಡೂ ಒಟ್ಟಿಗೆ ಆರಿಹೋಗುತ್ತವೆ.

ಗಾಳಿಗೆ ಸೇರಿದ ದೋಷಗಳಲ್ಲಿ ಸಾಮಾನ್ಯವಾದದ್ದು ಕ್ಯಾಮೆರಾದ ಹೊರೆ. ಹಲವು ಋತುಗಳಲ್ಲಿ ಪ್ರತಿ ತಂಡಕ್ಕೆ ಸೆಕೆಂಡಿಗೆ 7 ಮೆಗಾಬಿಟ್ ಮಿತಿ ಇತ್ತು, ಕೆಲವು ಋತುಗಳಲ್ಲಿ 4. ಒಂದೊಂದೂ 30 ಕಿಲೋಬೈಟಿನ ಚಿತ್ರಗಳನ್ನು ಸೆಕೆಂಡಿಗೆ 30ರಂತೆ ಕಳಿಸಿದರೆ 7.2 ಮೆಗಾಬಿಟ್ ಆಗುತ್ತದೆ. ಚಿತ್ರದ ಅಗಲ, ಎತ್ತರ, ವೇಗ ಮೂರನ್ನೂ ಅರ್ಧಕ್ಕಿಳಿಸಿದರೆ ಹೊರೆ ಸುಮಾರು ಎಂಟನೆಯ ಒಂದು ಭಾಗಕ್ಕೆ ಬರುತ್ತದೆ, ಚಾಲಕನಿಗೆ ಅಷ್ಟು ಸಾಕು. ರೇಡಿಯೊವನ್ನು ಅಲ್ಯುಮಿನಿಯಂ ಪೆಟ್ಟಿಗೆಯೊಳಗೆ, ಮೋಟಾರ್‌ಗಳ ಮಗ್ಗುಲಲ್ಲಿ ಕೂರಿಸುವ ತಪ್ಪು ಎಲ್ಲರಿಗೂ ಗೊತ್ತಿದ್ದರೂ ನಡೆಯುತ್ತಲೇ ಇದೆ. ಅಭ್ಯಾಸದ ಕೊಠಡಿಯಲ್ಲಿ ಕಾಡುವ ಇನ್ನೊಂದು ದೋಷ ಲ್ಯಾಪ್‌ಟಾಪಿನದು. ಅದು ಒಂದೆಡೆ ಶಾಲೆಯ ಜಾಲಕ್ಕೆ, ಮತ್ತೊಂದೆಡೆ ರೋಬೋಟಿಗೆ ಸೇರಿಕೊಂಡಿರುತ್ತದೆ. ಎರಡೂ 10ರಿಂದ ಶುರುವಾಗುವ ವಿಳಾಸಗಳಾದ್ದರಿಂದ ಪ್ಯಾಕೆಟ್ ತಪ್ಪು ದಾರಿ ಹಿಡಿಯುತ್ತದೆ.

ಫಸ್ಟ್ ಸಂಸ್ಥೆಯದೇ ಚಿಕ್ಕ ಸ್ಪರ್ಧೆಯಾದ ಟೆಕ್ ಚಾಲೆಂಜ್‌ನಲ್ಲಿ ಸ್ಥಿರವಿದ್ಯುತ್ತಿನ ಕಾಟ ಪ್ರಸಿದ್ಧ. ಫೋಮ್ ಹಾಸಿನ ಮೇಲೆ ಉರುಳುವ ಚಕ್ರಗಳಿಂದ ಚೌಕಟ್ಟಿನಲ್ಲಿ ವಿದ್ಯುದಂಶ ಸೇರಿಕೊಳ್ಳುತ್ತದೆ. ರೋಬೋಟ್ ಯಾವುದಾದರೂ ಲೋಹಕ್ಕೆ ತಾಗಿದೊಡನೆ ಅದು ಹಾರಿ ಯುಎಸ್‌ಬಿ ಸಂಪರ್ಕವನ್ನೋ ನಿಯಂತ್ರಕವನ್ನೋ ಕೆಡಿಸುತ್ತದೆ. ಎಲೆಕ್ಟ್ರಾನಿಕ್ ಭಾಗಗಳನ್ನು ಚೌಕಟ್ಟಿನಿಂದ ಬೇರ್ಪಡಿಸಿ ಕೂರಿಸುವುದು, ಪ್ರತಿರೋಧವುಳ್ಳ ತಂತಿಯಿಂದ ಚೌಕಟ್ಟನ್ನು ನಿಯಂತ್ರಕಕ್ಕೆ ಜೋಡಿಸುವುದು, ಕೇಬಲ್‌ಗೆ ಫೆರೈಟ್ ಉಂಗುರ ಹಾಕುವುದು, ಹಾಸಿನ ಮೇಲೆ ಸ್ಥಿರವಿದ್ಯುತ್ ತಡೆಯುವ ದ್ರವ ಸಿಂಪಡಿಸುವುದು ಪರಿಹಾರಗಳು. ಒಣ ಹವೆಯಲ್ಲಿ ಈ ತೊಂದರೆ ಹೆಚ್ಚು. ನಮ್ಮಲ್ಲಾದರೆ ಮಂಗಳೂರಿನ ಮಳೆಗಾಲದಲ್ಲಿ ತಲೆ ಎತ್ತದ ದೋಷ ಕಲಬುರಗಿಯ ಫೆಬ್ರವರಿಯಲ್ಲಿ ಎದ್ದು ಕೂರಬಹುದು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಿಗೆ ಹೆಚ್ಚು ಪರಿಚಿತವಾದದ್ದು 2002ರಲ್ಲಿ ಟೋಕಿಯೊದಲ್ಲಿ ಶುರುವಾದ ಎಬಿಯು ರೋಬೋಕಾನ್ ಮತ್ತು ಕಾಲೇಜು ಉತ್ಸವಗಳ ಸ್ಪರ್ಧೆಗಳು. ಇಲ್ಲಿ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್, ಇಎಸ್‌ಪಿ32, ಪ್ಲೇಸ್ಟೇಷನ್ ಕಂಟ್ರೋಲರ್‌ಗಳದ್ದೇ ರಾಜ್ಯಭಾರ. ಎಲ್ಲವೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಸಭಾಂಗಣದಲ್ಲಿ ತುಂಬಿದ ಮೊಬೈಲ್ ಹಾಟ್‌ಸ್ಪಾಟ್‌ಗಳ ಜೊತೆಗೇ ಕೆಲಸ ಮಾಡುತ್ತವೆ. ಭಾರತದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ 2018ರಲ್ಲೇ ಪರವಾನಗಿಯಿಂದ ಮುಕ್ತವಾಗಿದೆ, ಆದರೆ ಈ ಅಗ್ಗದ ಮಾಡ್ಯೂಲ್‌ಗಳು ಅತ್ತ ಹೋಗಲಾರವು. ಅದಕ್ಕಿಂತ ದೊಡ್ಡ ಕೊರತೆ ಲಾಗ್‌ನದು. ಇಲ್ಲಿನ ರೋಬೋಟ್ ತಾನೇಕೆ ನಿಂತೆ ಎಂಬುದನ್ನು ಎಲ್ಲೂ ಬರೆದಿಡುವುದಿಲ್ಲ.

ಇದನ್ನು ಸರಿಪಡಿಸಲು ಹಣ ಬೇಕಿಲ್ಲ. ಇಎಸ್‌ಪಿ32 ಪ್ರತಿ ಸಲ ಎದ್ದಾಗಲೂ ತಾನು ಏಕೆ ಮರುಚಾಲನೆಗೊಂಡೆ ಎಂಬ ಕಾರಣವನ್ನು ಪ್ರೋಗ್ರಾಮಿಗೆ ತಿಳಿಸಬಲ್ಲದು. ವೋಲ್ಟೇಜ್ ಕುಸಿತ ಆ ಪಟ್ಟಿಯಲ್ಲಿದೆ, ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡಾಗ ಮರುಚಾಲನೆ ಮಾಡಿಸುವ ವಾಚ್‌ಡಾಗ್ ಕೂಡ ಇದೆ. ಆ ಕಾರಣ, ಬ್ಯಾಟರಿಯ ವೋಲ್ಟೇಜ್, ಕೊನೆಯ ಪ್ಯಾಕೆಟ್ ಬಂದು ಎಷ್ಟು ಮಿಲಿಸೆಕೆಂಡ್ ಆಯಿತು ಎಂಬ ಮೂರನ್ನು ಒಂದು ಮೆಮೊರಿ ಕಾರ್ಡಿಗೆ ಬರೆಯುವ ಕೆಲವು ಸಾಲುಗಳ ಪ್ರೋಗ್ರಾಮ್ ಸಾಕು. ನಮ್ಮ ತಂಡಗಳಲ್ಲಿ ಅಂತಿಮ ವರ್ಷದವರು ಹೊರಟಾಗ ಅವರು ಕಂಡ ದೋಷಗಳ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ಪ್ರಾಧ್ಯಾಪಕರಲ್ಲಿ ಒಂದು ಮನವಿ: ಗೆದ್ದ ರೋಬೋಟಿನ ಪ್ರಾಜೆಕ್ಟ್ ವರದಿಯನ್ನು ಕೇಳುವಂತೆಯೇ ನಿಂತ ರೋಬೋಟಿನ ಲಾಗ್ ಮತ್ತು ಅದರ ವಿವರಣೆಯನ್ನೂ ವಿದ್ಯಾರ್ಥಿಗಳಿಂದ ಬರೆಸಿಕೊಳ್ಳಿ, ಅದಕ್ಕೂ ಅಂಕ ಕೊಡಿ, ಮುಂದಿನ ವರ್ಷದ ತಂಡದ ಕೈಗೆ ಅದನ್ನು ಮೊದಲ ದಿನವೇ ಒಪ್ಪಿಸಿ.