ಸೈಕಲ್ಲಿಂದ ಇಳಿ ಎಂದವರು

ರಸ್ತೆ ಎಲ್ಲರದೂ ಅನ್ನೋ ಮಾತು ಪುಸ್ತಕದಲ್ಲಿದೆ. ರಸ್ತೆಯ ಮೇಲೆ ಕೇಳುವುದು ಬೇರೆ ಮಾತು: ‘ಇಳಿಯೋ ಕೆಳಕ್ಕೆ’. ಈ ಮಾತು ಮೊದಲು ಊರಗೌಡನ ಜಗಲಿಯಿಂದ ಬಂತು. ಆಮೇಲೆ ಪೇಟೆಯ ಪೊಲೀಸಿನವನ ಲಾಠಿ ತುದಿಯಿಂದ ಬಂತು. ಈಗ ಕಾರಿನ ಹಾರನ್ನಿನಿಂದ ಬರುತ್ತಿದೆ. ಹೇಳುವ ಬಾಯಿ ಬದಲಾಯಿತು, ಇಳಿಯಬೇಕಾದವನು ಬದಲಾಗಲಿಲ್ಲ. ನಮ್ಮ ಮಟ್ಟಿಗೆ ಸೈಕಲ್ಲಿನ ಚರಿತ್ರೆ ಅಂದರೆ ಈ ಒಂದು ಮಾತಿನ ಚರಿತ್ರೆ.

ಯಂತ್ರದ ಕತೆಯನ್ನು ಮೊದಲು ಹೇಳಿ ಮುಗಿಸೋಣ. ಇಂಗ್ಲೆಂಡಿನ ಕವೆಂಟ್ರಿ ಎಂಬ ಊರಿನಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ‘ರೋವರ್’ ಸೈಕಲ್ ಮಾಡಿದ. ಅದಕ್ಕೆ ಮುಂಚಿನ ಸೈಕಲ್ಲಿನ ಮುಂದಿನ ಚಕ್ರ ಆಳೆತ್ತರ ಇರುತ್ತಿತ್ತು. ಮುಗ್ಗರಿಸಿದರೆ ತಲೆ ಮೊದಲು ನೆಲಕ್ಕೆ. ಸ್ಟಾರ್ಲಿಯ ಸೈಕಲ್ಲಿನಲ್ಲಿ ಎರಡು ಚಕ್ರವೂ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನು. ಇಂಥದನ್ನು ‘ಸೇಫ್ಟಿ ಬೈಸಿಕಲ್’ ಅಂತಲೇ ಕರೆದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಸವಾರಿ ಮೆತ್ತಗಾಯಿತು. ಆ ಮೆತ್ತಗಿನ ರಬ್ಬರು ಎಲ್ಲಿಂದ ಬಂತು? ಅದರಲ್ಲಿ ಒಂದು ಪಾಲು ಕಾಂಗೋ ಕಾಡಿನಿಂದ. ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಆಳ್ವಿಕೆಯಲ್ಲಿ, ಹೇಳಿದಷ್ಟು ರಬ್ಬರು ತರದ ಹಳ್ಳಿಗಳ ಜನರನ್ನು ಕೊಂದರು, ಕೈ ಕಡಿದರು. ಯುರೋಪಿನವರು ತುಳಿದ ಸುಖದ ಚಕ್ರದ ಅಡಿಯಲ್ಲಿ ಆಫ್ರಿಕದ ದುಡಿಯುವವರ ಕೈಗಳಿದ್ದವು. ‘ಸೇಫ್ಟಿ’ ಅನ್ನುವಾಗೆಲ್ಲ ಯಾರ ಸೇಫ್ಟಿ ಅಂತ ಕೇಳುವುದನ್ನು ನಾವು ಇಲ್ಲಿಂದಲೇ ಕಲಿಯಬೇಕು.

ನಮ್ಮ ದೇಶಕ್ಕೆ ಸೈಕಲ್ ಬಂದದ್ದು ದೊರೆಗಳ ಜೊತೆ. ಮೊದಲು ಸಾಹೇಬರು, ಆಮೇಲೆ ವಕೀಲರು, ಗುಮಾಸ್ತರು. ಅದು ದುಡಿಯುವವನ ಕೈಗೆ ಸಿಕ್ಕಿದ್ದು ಇಲ್ಲೇ ಕಾರ್ಖಾನೆಗಳು ಎದ್ದ ಮೇಲೆ. ಮದರಾಸಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿ ಶುರುವಾಯಿತು, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೊ 1956ರಲ್ಲಿ. ಅಲ್ಲಿಂದ ಮುಂದೆ ಅಂಚೆಯವನು, ಹಾಲಿನವನು, ಹಳ್ಳಿ ಶಾಲೆಯ ಮೇಷ್ಟ್ರು ಎಲ್ಲರೂ ಸೈಕಲ್ ಹತ್ತಿದರು. ಬೆಂಗಳೂರಿನ ಗಿರಣಿ, ಕಾರ್ಖಾನೆಗಳ ಸೈರನ್ ಕೂಗಿದರೆ ಗೇಟಿನಿಂದ ಹೊಳೆಯ ಹಾಗೆ ಹೊರಬರುತ್ತಿದ್ದುದು ಸೈಕಲ್ಲುಗಳು. ಕೇರಿಯ ಹುಡುಗರು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಕಾಲು ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತರು.

ಕಲಿತವನು ಊರೊಳಗೆ ಬಂದಾಗ ಏನಾಯಿತು? ಇಂಡಿಯಾದ ಎಷ್ಟೋ ಹಳ್ಳಿಗಳಲ್ಲಿ ಕೇರಿಯವನು ಮೇಲುಜಾತಿಯವರ ಬೀದಿಯಲ್ಲಿ ಸೈಕಲ್ ಮೇಲೆ ಕೂತು ಹೋಗುವ ಹಾಗಿರಲಿಲ್ಲ. ಬೀದಿಯ ತುದಿಯಲ್ಲಿ ಇಳಿಯಬೇಕು. ಚಪ್ಪಲಿ ಕೈಗೆ ತಗೋಬೇಕು. ಸ್ವಂತ ದುಡ್ಡಿನ ಸೈಕಲ್ಲನ್ನು ಕಳ್ಳಮಾಲಿನ ಹಾಗೆ ತಳ್ಳಿಕೊಂಡು, ಬೀದಿ ದಾಟಿದ ಮೇಲೆ ಹತ್ತಬೇಕು. ಕಾರಣ ಸುಲಭ. ಸೀಟಿನ ಮೇಲೆ ಕೂತವನ ತಲೆ ಜಗಲಿಯ ಮೇಲೆ ಕೂತವನ ತಲೆಗಿಂತ ಎತ್ತರವಾಗುತ್ತದೆ. ಆ ಒಂದು ಗೇಣು ಎತ್ತರವನ್ನು ತಾಳಿಕೊಳ್ಳಲು ಅವರಿಗೆ ಆಗಲಿಲ್ಲ.

ಈ ಜಗಳ ಸೈಕಲ್ಲಿಗಿಂತ ಹಳೇದು. ತಿರುವಾಂಕೂರಿನಲ್ಲಿ 1893ರಲ್ಲಿ ಅಯ್ಯಂಕಾಳಿ ತಮ್ಮ ಜನಕ್ಕೆ ನಿಷೇಧವಾಗಿದ್ದ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಹೋದರು. ಅದು ಗಾಡಿಯ ರೂಪದ ಬಂಡಾಯ. ಬಾಬಾಸಾಹೇಬರ ಬದುಕಿನಲ್ಲಿ ನಡೆದ ಘಟನೆ ಇನ್ನೂ ಕಣ್ಣು ತೆರೆಸುವಂಥದು. 1929ರಲ್ಲಿ ಮುಂಬಯಿ ಸರ್ಕಾರದ ಸಮಿತಿಯ ಸದಸ್ಯರಾಗಿ ತಿರುಗುತ್ತಿದ್ದ ಅವರು ಚಾಳೀಸಗಾಂವ್‌ನಲ್ಲಿ ಇಳಿದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಟಾಂಗಾದವರು ಒಪ್ಪಲಿಲ್ಲ. ಕೊನೆಗೆ ಟಾಂಗಾ ಕೊಡುತ್ತೇವೆ, ಹೊಡೆಯುವವನನ್ನು ನೀವೇ ನೋಡಿಕೊಳ್ಳಿ ಅಂದರು. ಟಾಂಗಾ ಹೊಡೆದು ಗೊತ್ತಿಲ್ಲದ ಒಬ್ಬ ಮಹಾರ್ ಬಂಧು ಹಗ್ಗ ಹಿಡಿದ. ಸೇತುವೆಯ ಹತ್ತಿರ ಗಾಡಿ ಉರುಳಿತು. ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿಬಂದ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಅಪಘಾತ ಅಂತ ಬರೆದುಕೊಳ್ಳುವವರು ಬರೆದುಕೊಳ್ಳಲಿ. ಆ ಕಾಲು ಮುರಿದದ್ದು ಜಾತಿ. ರಸ್ತೆ ಸುರಕ್ಷತೆಯ ಪಾಠ ಮಾಡುವ ಮೇಷ್ಟ್ರುಗಳು ಈ ಒಂದು ಪುಟವನ್ನು ಮಕ್ಕಳಿಗೆ ಹೇಳಬೇಕು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆ ‘ರಸ್ತೆ’ ಅನ್ನೋ ಶಬ್ದವೂ ಇದೆ. ಅದು ಸುಮ್ಮನೆ ಬಂದು ಕೂತ ಶಬ್ದವಲ್ಲ. ಅಷ್ಟಾದರೂ ಸಾಲಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದರು, 2016ರ ಜನವರಿ 26ರಿಂದ ಅದು ಜಾರಿಯಾಯಿತು. ಪರಿಶಿಷ್ಟ ಜಾತಿ, ಪಂಗಡದವರು ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಓಡಿಸುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅದು ಅಪರಾಧ ಎಂದು 3ನೇ ಸೆಕ್ಷನ್ನಿನಲ್ಲಿ ಬಿಡಿಸಿ ಬರೆದಿದೆ. ಯೋಚನೆ ಮಾಡಿ, ಗೆಳೆಯರೇ. ಸ್ವಾತಂತ್ರ್ಯ ಬಂದು 68 ವರ್ಷದ ಮೇಲೆ ಒಂದು ದೇಶದ ಪಾರ್ಲಿಮೆಂಟು ‘ಸೈಕಲ್ ಹತ್ತಬಹುದು’ ಅಂತ ಕಾನೂನು ಮಾಡಬೇಕಾಗುತ್ತದೆ ಅಂದರೆ, ಹತ್ತಿದವರನ್ನು ಇಳಿಸುವ ಕೈಗಳು ಇನ್ನೂ ಇವೆ ಅಂತಲೇ ಅರ್ಥ.

ಇಳಿ ಅಂದಷ್ಟೂ ಹತ್ತಿದವರಿದ್ದಾರೆ. 1983ರಲ್ಲಿ ಕಾನ್ಶಿರಾಮ್ ಅವರು ಡಿಎಸ್4 ಸಂಘಟನೆಯಿಂದ ಸೈಕಲ್ ಜಾಥಾ ಹೊರಡಿಸಿ ಹಲವು ರಾಜ್ಯ ಸುತ್ತಿದರು. ಕಾರಿಗೆ ದುಡ್ಡಿಲ್ಲದ ಚಳವಳಿಗೆ ಸೈಕಲ್ಲೇ ರಥವಾಯಿತು. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ಅಕ್ಷರದ ಜೊತೆ ಸೈಕಲ್ಲನ್ನೂ ಸೇರಿಸಿತು. ಕೂಲಿಯವರು, ಕಲ್ಲುಕ್ವಾರಿಯ ಹೆಣ್ಣುಮಕ್ಕಳು, ಅಂಗನವಾಡಿಯವರು ಸಾವಿರಾರು ಜನ ಕಲಿತರು. ಆಡಿಕೊಂಡು ನಕ್ಕವರ ಮುಂದೆಯೇ ತುಳಿದರು. ಅವರಲ್ಲಿ ಕೆಲವರು ‘ಲೇಡೀಸ್’ ಸೈಕಲ್ ಬೇಡ, ‘ಜೆಂಟ್ಸ್’ ಸೈಕಲ್ಲೇ ಇರಲಿ ಅಂದರು. ಯಾಕೆ? ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು. ಅಂಗಡಿಯವನು ಹೆಣ್ಣಿನ ಸೀರೆಯನ್ನು ನೋಡಿ ಸೈಕಲ್ ಮಾಡಿದ, ಹೆಣ್ಣು ತನ್ನ ಕೆಲಸವನ್ನು ನೋಡಿ ಆರಿಸಿಕೊಂಡಳು.

ಈ ಆಯ್ಕೆಯ ಮಾತು ಬಂದದ್ದರಿಂದ ಗಿಯರಿನ ವಿಚಾರವನ್ನೂ ಹೇಳಬೇಕು. ಮೂರು ಗಿಯರಿನ ಹಬ್ಬು ಇಂಗ್ಲೆಂಡಿನಲ್ಲಿ 1902ರ ಹೊತ್ತಿಗೇ ತಯಾರಾಗಿತ್ತು. ನಮ್ಮ ದುಡಿಯುವವನಿಗೆ ಸಿಕ್ಕಿದ್ದು ಒಂದೇ ಗಿಯರು: 28 ಇಂಚಿನ ಚಕ್ರ, ರಾಡ್ ಬ್ರೇಕು, ಇಪ್ಪತ್ತು ಕಿಲೋಗೂ ಮಿಕ್ಕ ಭಾರ. ಅದನ್ನು ಹೀಗಳೆಯುವುದು ಬೇಡ. ಗಟ್ಟಿ ಸೈಕಲ್ಲು, ಹುಣಸೆಮರದ ಕೆಳಗಿನ ಪಂಕ್ಚರಿನವನೂ ಬಿಚ್ಚಿ ಜೋಡಿಸಬಲ್ಲ ಸೈಕಲ್ಲು. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು ಎಲ್ಲ ಹೊತ್ತಿದೆ. ಆದರೆ ಆ ಹೊರೆಯ ಲೆಕ್ಕ ಬಿದ್ದದ್ದು ತುಳಿಯುವವನ ಮೊಣಕಾಲಿನ ಮೇಲೆ. ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಐದೂವರೆ ಮೀಟರು ಹೋಗುತ್ತದೆ. ಬಯಲಿನಲ್ಲಿ ಸರಿ. ಹೊರೆ ಇದ್ದಾಗ, ಏರು ಬಂದಾಗ ಎದೆ ಒಡೆಯುತ್ತದೆ. ಹಿಂದೆ 22 ಹಲ್ಲಿನ ಫ್ರೀವೀಲು ಹಾಕಿಸಿದರೆ ಒಂದು ಸುತ್ತಿಗೆ ನಾಲ್ಕೂವರೆ ಮೀಟರು. ವೇಗ ಕಡಿಮೆ, ಆದರೆ ತುಳಿತ ಸುಮಾರು ಐದರಲ್ಲೊಂದು ಪಾಲು ಹಗುರ. ಇಪ್ಪತ್ತೊಂದು ಗಿಯರಿನ ಸೈಕಲ್ ಕೊಳ್ಳಲಾಗದವನ ಗಿಯರು ಇದು. ಚೈನಿಗೆ ಕೊಂಡಿ ಸೇರಿಸಿದರೆ ಕೆಲಸ ಮುಗಿಯಿತು.

ಬ್ರೇಕು, ದೀಪದ ಮಾತೂ ಹೀಗೇ. ಮಳೆಯಲ್ಲಿ ಒದ್ದೆಯಾದ ಉಕ್ಕಿನ ರಿಮ್ಮನ್ನು ರಾಡ್ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಡೈನಮೋ ದೀಪ ಸೈಕಲ್ ನಿಂತ ಕೂಡಲೇ ಆರುತ್ತದೆ, ಕತ್ತಲೆಯಲ್ಲಿ ನಿಂತವನು ಲಾರಿಯವನಿಗೆ ಕಾಣುವುದಿಲ್ಲ. ಇದು ಗೊತ್ತಿದ್ದವರು ದೀಪ ಇಲ್ಲದವನಿಗೆ ದೀಪ ಕೊಡಬೇಕಾಗಿತ್ತು. ಕೊಟ್ಟದ್ದು ದಂಡ. ಪೇಟೆಯಲ್ಲಿ ಸೈಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಬಿಲ್ಲೆ ಇಲ್ಲ ಅಂದರೆ ಇಳಿ, ದೀಪ ಇಲ್ಲ ಅಂದರೆ ಇಳಿ, ಡಬಲ್ ರೈಡ್ ಅಂದರೆ ಇಳಿ, ಚಕ್ರದ ಗಾಳಿ ಬಿಡು. ಇಬ್ಬರಿಗೆ ಒಂದೇ ಸೈಕಲ್ ಇರುವುದು ಬಡತನ ಅಂತ ಕಾನೂನಿಗೆ ಗೊತ್ತಾಗಲಿಲ್ಲ.

ಈಗ ಕಾರಿನ ಕಾಲ. 2011ರ ಜನಗಣತಿಯ ಲೆಕ್ಕ ನೋಡಿ. ದೇಶದಲ್ಲಿ ನೂರಕ್ಕೆ 45 ಮನೆಗಳಲ್ಲಿ ಸೈಕಲ್ ಇತ್ತು, ಕಾರು ಇದ್ದದ್ದು ನೂರಕ್ಕೆ 5 ಮನೆಗೂ ಇಲ್ಲ. ಬೇಸಾಯದ ಹೊರಗಿನ ಕೆಲಸಕ್ಕೆ ಹೋಗುವವರಲ್ಲಿ ಸುಮಾರು 13 ಪಾಲು ಜನ ಸೈಕಲ್ಲಿನಲ್ಲಿ, 23 ಪಾಲು ಜನ ನಡೆದು ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ನೂರಕ್ಕೆ ಮೂವರೂ ಇಲ್ಲ. ರಸ್ತೆ ಅಗಲವಾದದ್ದು ಯಾರಿಗಾಗಿ? 2013ರಲ್ಲಿ ಕೋಲ್ಕತ್ತದ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧ ಮಾಡಿದರು. ಹಾಲು, ಪೇಪರು, ಮೀನು ಹೊತ್ತು ತುಳಿಯುವವರು ವಾಹನಗಳ ಓಟಕ್ಕೆ ಅಡ್ಡಿಯಂತೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಸೈಕಲ್, ಬೈಕು, ಆಟೊ, ಟ್ರ್ಯಾಕ್ಟರು ಯಾವುದೂ ಬರುವ ಹಾಗಿಲ್ಲ ಅಂತಾಯಿತು. ಸುರಕ್ಷತೆಗಾಗಿ ಅಂದರು. ನೂರು ಕಿಲೋಮೀಟರ್ ವೇಗದ ಕಾರಿನ ಪಕ್ಕ ಸೈಕಲ್ ಓಡಿಸುವುದು ಸಾವಿನ ಜೊತೆ ಓಡುವುದೇ, ನಿಜ. ಆದರೆ ಮಂಡ್ಯ, ಮದ್ದೂರು, ಚನ್ನಪಟ್ಟಣದ ಸೀಮೆಯ ರೈತನ, ಕೂಲಿಯವನ ದಾರಿ ಮೊದಲು ಅಲ್ಲಿತ್ತು. ವೇಗ ಆಮೇಲೆ ಬಂತು. ಆಮೇಲೆ ಬಂದವರು ಮೊದಲಿದ್ದವರಿಗೆ ಸರ್ವೀಸ್ ರಸ್ತೆ ತೋರಿಸುತ್ತಾರೆ. ಊರ ಹೊರಗೆ ಕೇರಿ ಕಟ್ಟಿಸಿದ ಬುದ್ಧಿ ಇದೇ ಅಲ್ಲವೆ?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಸರ್ಕಾರದ್ದೇ ಲೆಕ್ಕ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಸೈಕಲ್ಲಿನವರೂ ಸಾವಿರಾರು. ಇವರ ಪೈಕಿ ಯಾರೂ ಯಾರನ್ನೂ ಗುದ್ದಿ ಕೊಲ್ಲುವಷ್ಟು ಭಾರದ ವಾಹನದಲ್ಲಿ ಇರಲಿಲ್ಲ. ವೇಗ ಎರಡರಷ್ಟಾದರೆ ಗುದ್ದಿನ ಶಕ್ತಿ ನಾಲ್ಕರಷ್ಟಾಗುತ್ತದೆ, ಹೈಸ್ಕೂಲಿನ ವಿಜ್ಞಾನ ಇದು. ಆದರೂ ಉಪದೇಶ ಎಲ್ಲ ಸೈಕಲ್ಲಿನವನಿಗೆ: ಹೆಲ್ಮೆಟ್ ಹಾಕು, ಬಿಳಿ ಅಂಗಿ ತೊಡು, ಪಕ್ಕಕ್ಕೆ ಸರಿ.

ಸರಿಯುವುದನ್ನು ಬಿಟ್ಟು ನಿಂತವರ ಉದಾಹರಣೆ ನೆದರ್‌ಲ್ಯಾಂಡ್ಸ್‌ನಲ್ಲಿದೆ. ಇವತ್ತು ಸೈಕಲ್ಲಿನ ಸ್ವರ್ಗ ಅನ್ನಿಸಿಕೊಂಡ ಆ ದೇಶದಲ್ಲೂ 1971ರಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತಿದ್ದರು, ಅವರಲ್ಲಿ ಮಕ್ಕಳೇ ನಾಲ್ಕು ನೂರಕ್ಕೆ ಮಿಕ್ಕಿ. ತಾಯಂದಿರು, ತಂದೆಯರು, ಮಕ್ಕಳು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಬೀದಿಗಿಳಿದರು. ಅಪಘಾತ ಅನ್ನಲಿಲ್ಲ, ಕೊಲೆ ಅಂದರು. ರಸ್ತೆಗೆ ಅಡ್ಡ ಕೂತರು. ಸೈಕಲ್ಲಿಗೆ ಬೇರೆ ದಾರಿ, ಮನೆಗಳ ನಡುವೆ ಕಾರಿಗೆ ಲಗಾಮು, ಎಲ್ಲ ಬಂದದ್ದು ಆ ಒತ್ತಡದಿಂದ. ಅಲ್ಲಿನ ಜನರಿಗೆ ದೇವರು ಕೊಟ್ಟ ಬುದ್ಧಿಯಿಂದಲ್ಲ.

ನಮ್ಮಲ್ಲಿ ಸೈಕಲ್ ಏನು ಮಾಡಬಲ್ಲದು ಅನ್ನುವುದಕ್ಕೆ ಬಿಹಾರ ಸಾಕ್ಷಿ. 2006ರಲ್ಲಿ ಅಲ್ಲಿ ಒಂಬತ್ತನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ಲಿನ ದುಡ್ಡು ಕೊಡಲು ಶುರುಮಾಡಿದರು. ಹೈಸ್ಕೂಲು ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಾದರು ಎಂದು ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು ಫಲ. ನಮ್ಮ ರಾಜ್ಯದಲ್ಲೂ 2006–07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಬಂತು. ಕೊರೊನಾ ಬಂದ 2020ರಿಂದ ವರ್ಷಗಟ್ಟಲೆ ಬರಲಿಲ್ಲ. ಅದೇ 2020ರ ಬೇಸಿಗೆಯಲ್ಲಿ ರೈಲು, ಬಸ್ಸು ನಿಲ್ಲಿಸಿದ ದೇಶದಲ್ಲಿ ಕೂಲಿಗಳು ಸೈಕಲ್ ತುಳಿದು ನೂರಾರು ಮೈಲಿ ದೂರದ ಊರು ಸೇರಿದರು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಗೇಟಿಗೆ ಬಂದ ಕಾರ್ಮಿಕರು ನೋಟೀಸು ಓದಿ ವಾಪಸ್ಸು ಹೋದರು.

ಹಾಗಾದರೆ ನಾವೇನು ಮಾಡೋಣ? ಹಿಂದಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ, ಕೆಂಪು ರಿಫ್ಲೆಕ್ಟರು, ಸವೆದ ಬ್ರೇಕು ಕಟ್ಟೆಗೆ ಹೊಸದು, ಇವನ್ನು ನಮ್ಮ ಕೈಯಾರೆ ಇವತ್ತೇ ಮಾಡಬಹುದು. ಮಾಡಬೇಕು, ಜೀವ ನಮ್ಮದು. ಆದರೆ ಅಷ್ಟಕ್ಕೇ ನಿಂತರೆ ಇಳಿ ಅಂದವರ ಮಾತು ಗೆದ್ದ ಹಾಗೆ. ಹಳ್ಳಿಯ ಮೇಷ್ಟ್ರುಗಳು ತಮ್ಮ ಶಾಲೆಗೆ ಎಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ, ಯಾವ ತಿರುವಿನಲ್ಲಿ ಲಾರಿಗೆ ಹೆದರುತ್ತಾರೆ, ಯಾವ ಬೀದಿಯಲ್ಲಿ ಇಳಿದು ತಳ್ಳುತ್ತಾರೆ ಅಂತ ಬರೆದಿಡಲಿ. ಮೊದಲ ಎರಡು ಪ್ರಶ್ನೆಯ ಉತ್ತರವನ್ನು ಪಂಚಾಯಿತಿಗೆ, ಲೋಕೋಪಯೋಗಿ ಇಲಾಖೆಗೆ ಕೊಡೋಣ. ಶಾಲೆ, ಸಂತೆ, ಊರುಗಳ ಹತ್ತಿರ ವೇಗಕ್ಕೆ ಕಡಿವಾಣ, ಹೆದ್ದಾರಿ ಪಕ್ಕ ನಿಜವಾಗಿ ತುಳಿಯಬಹುದಾದ ದಾರಿ ಕೇಳೋಣ. ಮೂರನೆಯ ಪ್ರಶ್ನೆಯ ಉತ್ತರವನ್ನು ಪೊಲೀಸ್ ಠಾಣೆಗೆ ಕೊಡೋಣ, ಸೆಕ್ಷನ್ ನಂಬರಿನ ಸಮೇತ. ಎರಡೂ ಒಂದೇ ಅರ್ಜಿಯ ಎರಡು ಹಾಳೆಗಳು.